ಬೆಂಕಿ ಕಂಡ ಕಾಯಿ

ನಮ್ಮ ಮನೆಗಳಲ್ಲಿ ಸತ್ತವರು ತೆಂಗಿನಕಾಯಿಯಾಗುತ್ತಾರೆ. ಹೀಗೆಂದರೆ ಘಟ್ಟದ ಮೇಲಿನ ಸ್ನೇಹಿತರು ನಗುತ್ತಾರೆ. ನಾನೂ ಅವರೊಡನೆ ನಗುತ್ತೇನೆ, ಆದರೆ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ. ಕಾರವಾರ, ಅಂಕೋಲೆಯ ಕಡಲಂಚಿನ ಕೆಲವು ಮನೆಗಳ ದೇವರ ಕೋಣೆಯಲ್ಲಿ ಹಲಸಿನ ಮರದ ಒಂದು ಮಣೆ ಇರುತ್ತದೆ. ಮಣೆಯ ಮೇಲೆ ಅಕ್ಕಿ ಹರವಿ, ಅಕ್ಕಿಯ ಮೇಲೆ ಜುಟ್ಟು ಬಿಟ್ಟ ಕಾಯಿಗಳನ್ನು ಸಾಲಾಗಿ ಕೂರಿಸಿರುತ್ತಾರೆ. ಅವೇ ಹಿರಿಯರ ಕಾಯಿಗಳು. ಇದು ಅಜ್ಜ, ಇದು ಅಜ್ಜಿ, ಇದು ಮದುವೆಗೆ ಮುಂಚೆಯೇ ಜ್ವರ ಬಂದು ಹೋದ ದೊಡ್ಡಪ್ಪ. ಚಿಕ್ಕಂದಿನಲ್ಲಿ ಆ ಕೋಣೆಯಲ್ಲಿ ಕಾಲು ಚಾಚಿ ಕೂತರೆ ಅಜ್ಜಿಯ ಬೈಗುಳ ಬೀಳುತ್ತಿತ್ತು. "ಕಾಲು ಮಡ್ಚಾ, ಅಜ್ಜ ನೋಡ್ತಾ ಇದ್ದ." ಜುಟ್ಟಿನ ಕೆಳಗೆ ಅಡಗಿರುವ ಮೂರು ಕಣ್ಣುಗಳಲ್ಲಿ ಅಜ್ಜ ಯಾವುದರಿಂದ ನೋಡುತ್ತಾನೆ ಎಂದು ನಾನು ಬಹಳ ಹೊತ್ತು ಯೋಚಿಸುತ್ತಿದ್ದೆ.

ಮಹಾಲಯ ಅಮಾವಾಸ್ಯೆಗೆ ಹೊಸ ಕಾಯಿಗಳು ಬಂದು ಕೂರುತ್ತವೆ. ಹಳೆಯವನ್ನು ಒಡೆದು ಪಾಯಸ ಮಾಡುತ್ತಾರೆ. ಆ ಪಾಯಸ ನೆರೆಮನೆಗೂ ಹೋಗುವುದಿಲ್ಲ, ಮನೆಯವರೇ ಉಂಡು ಮುಗಿಸಬೇಕು. ಹಿರಿಯರು ಹೊರಗೆಲ್ಲೂ ಹೋಗದೆ ಮನೆಯವರ ಹೊಟ್ಟೆಗೇ ಮರಳುತ್ತಾರೆ ಎನ್ನುವುದು ಲೆಕ್ಕ. ನಾನೊಮ್ಮೆ ಬಟ್ಟಲು ಹಿಡಿದು, ಇದರಲ್ಲಿ ಯಾರು ಯಾರು ಎಂದು ಹೇಗೆ ತಿಳಿಯುವುದು ಎಂದು ಕೇಳಿದ್ದೆ. ಅಜ್ಜಿ ಸ್ವಲ್ಪವೂ ತಡವರಿಸಲಿಲ್ಲ. "ಸಿಹಿ ಹತ್ತಿದ್ದು ನಮ್ಮ ಅತ್ತೆ. ಗಂಟ್ಲಿಗೆ ಸಿಕ್ಕಿದ್ದು ಮಾವ."

ನಾನು ಕಂಚಿನ ಎರಕದವನಾದೆ. ವಂಶದ ಕಸುಬಲ್ಲ ಅದು. ನಮ್ಮ ಕಡೆಯವರು ಮೀನಿನವರು. ಶಾಲೆ ಬಿಟ್ಟ ಮೇಲೆ ಕಲೆಯ ಕಾಲೇಜಿಗೆ ಹೋಗಿ, ಅಲ್ಲಿ ಮಣ್ಣು ಮೆತ್ತಿಕೊಂಡು, ಅಲ್ಲಿಂದ ಮೇಣ, ಮೇಣದಿಂದ ಕಂಚು ಎಂದು ಜಾರುತ್ತ ಬಂದವನು. ಅಂಕೋಲೆಯಿಂದ ಬೇಲೆಕೇರಿಗೆ ಹೋಗುವ ದಾರಿಯ ಪಕ್ಕ, ಗೇರು ಹಕ್ಕಲಿನ ಹಿಂದೆ ನನ್ನ ಶೆಡ್ಡು. ಕಂಚು ಕರಗಿಸುವ ಮೂಸೆ ಎತ್ತಲು ಎರಡು ಜನ ಬೇಕು. ಒಂದು ತುದಿಗೆ ನಾನು, ಇನ್ನೊಂದು ತುದಿಗೆ ನನ್ನ ಹೆಂಡತಿ. ಅವಳು ಅಂಕೋಲೆಯ ಕಡೆಯ ಗದ್ದೆಯವರ ಮನೆಯ ಮಗಳು, ಕೊಂಕಣಿ ಬಾರದು. ಹಾಗಾಗಿ ಮನೆಯಲ್ಲಿ ಕೊಂಕಣಿ ಮಾತಾಡುವ ನಮ್ಮ ಹೆಂಗಸರೆಲ್ಲ ಅವಳೆದುರು ಕನ್ನಡಕ್ಕೆ ಇಳಿಯುತ್ತಾರೆ.

ನಾನು ಮಾಡುವುದು ಗುಡಿಯ ದೇವರಲ್ಲ. ಆದರೂ ದೇವರು ಬಿಡುವುದಿಲ್ಲ. ಏನು ಮಾಡಲು ಹೊರಟರೂ ಅದರಲ್ಲಿ ಒಂದು ಶಂಖ ಬಂದು ಸೇರುತ್ತದೆ, ಒಂದು ಕಳಶದ ಬಾಯಿ, ಕಮಲದ ಒಂದು ಎಸಳು. ಊರೂರಿನ ಪ್ರದರ್ಶನಗಳಲ್ಲಿ ಜನ ಬಂದು ಇದು ಯಾವುದರ ಸಂಕೇತ ಎಂದು ಕೇಳುತ್ತಾರೆ. ಕಳಶ ತುಂಬು ಬಾಳು, ಶಂಖ ನಾದ, ಕಾಯಿ ಅಹಂಕಾರ, ಒಡೆದರೆ ಶರಣು, ಹೀಗೆ ನಾಲ್ಕು ಮಾತು ನನ್ನ ಜೇಬಿನಲ್ಲಿ ಸದಾ ಇರುತ್ತಿದ್ದವು. ಕೇಳಿದವರಿಗೆ ತೆಗೆದು ಕೊಡುತ್ತಿದ್ದೆ, ಅವರು ತಲೆಯಾಡಿಸಿ ಮುಂದೆ ಹೋಗುತ್ತಿದ್ದರು.

ಕಾರವಾರದ ಒಂದು ಹೋಟೆಲಿನ ಅಂಗಳಕ್ಕೆ ಬಗ್ಗಿ ನಿಂತ ಹೆಂಗಸೊಬ್ಬಳನ್ನು ಎರಕ ಹೊಯ್ದು ಕೊಟ್ಟಿದ್ದೆ. ಮುಖದ ಜಾಗದಲ್ಲಿ ಶಂಖದ ಸುಳಿ, ಸೆರಗಿನ ಜಾಗದಲ್ಲಿ ತೆರೆ. ಪಾಚಿಯ ಹಸಿರು ಬರುವ ಹಾಗೆ ಕಂಚಿಗೆ ಬಹಳ ಮುತುವರ್ಜಿಯಿಂದ ಬಣ್ಣ ಹತ್ತಿಸಿದ್ದೆ. ಒಂದು ಮಳೆಗಾಲ ಕಳೆಯುವುದರೊಳಗೆ ಮ್ಯಾನೇಜರರ ಫೋನು ಬಂತು. "ಸಾರ್, ನಿಮ್ಮ ಕಲೆಗೆ ಹೆಂಗಸ್ರು ಎಣ್ಣೆ ಹಚ್ತಾ ಇದ್ದಾರೆ. ಎಂತ ಮಾಡೂದು?" ಹೋಗಿ ನೋಡಿದೆ. ಮೀನು ಮಾರಿ ಮರಳುವವರು ನಡೆಯುವ ದಾರಿ ಅದು. ಪಾದದ ಮೇಲೆ ಕುಂಕುಮ, ಒಂದು ಅಬ್ಬಲಿಗೆಯ ದಂಡೆ. ಮುಟ್ಟಿ ಮುಟ್ಟಿ ಹಸಿರೆಲ್ಲ ಹೋಗಿ ಹೆಬ್ಬೆರಳು ಹೊಸ ಬಿಂದಿಗೆಯ ಹಾಗೆ ಹೊಳೆಯುತ್ತಿತ್ತು. ಪ್ರಾಣಪ್ರತಿಷ್ಠೆ ಇಲ್ಲ, ಹೆಸರಿಲ್ಲ, ಮುಖವೂ ಇಲ್ಲ. ಆದರೂ ಅವಳ ಪಾಡಿಗೆ ಅವಳು ದೇವಿಯಾಗಿದ್ದಳು. ತೊಳೆಯಬೇಡಿ ಎಂದು ಹೇಳಿ ಬಂದೆ.

ಆ ಹೆಬ್ಬೆರಳು ಮುಟ್ಟಿದವರಲ್ಲಿ ನನ್ನ ಮಾವಶಿಯೂ ಒಬ್ಬಳು, ನನ್ನ ತಾಯಿಯ ತಂಗಿ. ಬೇಲೆಕೇರಿಯವಳು, ಒಣಮೀನು ಮಾರುವವಳು. ದೀಪಾವಳಿ ಮುಗಿದ ಒಂದು ಬೆಳಿಗ್ಗೆ ಅವಳು ಶೆಡ್ಡಿಗೆ ಬಂದು, ಬುಟ್ಟಿ ಇಳಿಸಿ, ನನ್ನ ಹೆಂಡತಿಯ ಕೈಯಿಂದ ಚಾ ತೆಗೆದುಕೊಂಡು, ಸುತ್ತ ಕಣ್ಣಾಡಿಸಿದಳು.

"ನಿನ್ನ ಹೋಟ್ಲ ದೇವೀನ ನೋಡ್ದೆ ತಮಾ. ಕಾಲು ಚಂದ ಆಗಿದೆ. ಮುಖ ಎಂತಕ್ಕೆ ಮಾಡ್ಲಿಲ್ಲ, ಕಂಚು ಸಾಲ್ಲಿಲ್ವಾ?"

"ಹಾಗೇ ಮಾವಶಿ, ಅದು ಒಂದು..."

"ಆಯ್ತು ಬಿಡು. ಅವ್ಳಿಗೇ ಬೇಜಾರಿಲ್ಲ, ನನಗೆಂತ. ನೀ ದೇವ್ರ ಮಾಡ್ತೆ. ಮನ್ಶರ ಮಾಡ್ತ್ಯಾ?"

ಬುಟ್ಟಿಯ ತಳದಿಂದ ಒಂದು ಹಳೆಯ ಸೀರೆಯ ತುಂಡಿನ ಗಂಟು ತೆಗೆದಳು. ಬಿಚ್ಚಿದರೆ ಒಂದು ತೆಂಗಿನಕಾಯಿ, ಜುಟ್ಟು ಬಿಟ್ಟದ್ದು. ನೋಡಿದ ಕೂಡಲೇ ಗುರುತಾಯಿತು. ಅದು ಕಾಕ.

ಕಾಕ ಎಂದರೆ ಮಾವಶಿಯ ಗಂಡ. ಎಷ್ಟೋ ಮಳೆಗಾಲದ ಹಿಂದೆ ಪಾತಿ ದೋಣಿಯಲ್ಲಿ ಒಬ್ಬನೇ ಬಲೆಗೆ ಹೋದವನು ಬರಲಿಲ್ಲ. ದೋಣಿ ಮಾತ್ರ ಮಂಜಗುಣಿಯ ಅಳಿವೆಗೆ ಬಂದು ತಂಗಿತ್ತು, ಬಲೆ ಮಡಚಿಟ್ಟ ಹಾಗೆಯೇ ಇತ್ತು. ದೇಹ ಸಿಗಲಿಲ್ಲ. ಪುರೋಹಿತರು ಬಂದು ದರ್ಭೆಯಲ್ಲಿ ಆಕೃತಿ ಮಾಡಿ ಸುಡುವ ಕ್ರಮ ಇದೆ ಎಂದರು. ಮಾವಶಿ ಬಿಡಲಿಲ್ಲ. "ಹುಲ್ಲು ಸುಡೂಕೆ ನಾ ಒಪ್ಪೂದಿಲ್ಲ. ನಾ ಲಗ್ನ ಆದದ್ದು ಹುಲ್ಲಿಗಲ್ಲ" ಎಂದಳು. ಅಲ್ಲಿಗೆ ಗಂಟು ಬಿತ್ತು. ಆ ಮನೆಯ ದೇವರ ಕೋಣೆ ನೋಡಿಕೊಳ್ಳುವವನು ಕಾಕನ ತಮ್ಮ. ನಾವೆಲ್ಲ ಸಣ್ಣಕಾಕ, ಮಾವಶಿ ಭಾವ ಎನ್ನುವ ಆತ ಕೆಟ್ಟವನಲ್ಲ, ಆದರೆ ಶಿಸ್ತಿನವನು. ಕೈಗಾ ಅಣುಸ್ಥಾವರದ ಕೆಲಸಗಾರರನ್ನು ಕರೆದೊಯ್ಯುವ ಬಸ್ಸು ಓಡಿಸಿ ನಿವೃತ್ತನಾದವನು. ಬಸ್ಸು ಯಾರಿಗೂ ಕಾಯುವುದಿಲ್ಲ ಎನ್ನುವುದು ಅವನ ಒಂದೇ ತತ್ವಜ್ಞಾನ. ಬೆಂಕಿ ಕಾಣದವನಿಗೆ ಮಣೆ ಇಲ್ಲ ಎಂದುಬಿಟ್ಟ. ಬೆಂಕಿ ಕಾಣದೆ ಕೂರಿಸಿದರೆ ಅಣ್ಣ ಅತ್ತಲೂ ಇಲ್ಲ, ಇತ್ತಲೂ ಇಲ್ಲ ಎಂದು ನಡುವೆ ಅಲೆಯುತ್ತಾನೆ ಎನ್ನುವುದು ಅವನ ಹೆದರಿಕೆ. ಆ ಹೆದರಿಕೆ ಸುಳ್ಳಲ್ಲ. ಅಣ್ಣನ ಮಾತು ಬಂದರೆ ಇವತ್ತಿಗೂ ಅವನ ದನಿ ಸಣ್ಣದಾಗುತ್ತದೆ.

ಹೀಗೆ ಮಾವಶಿ ತನ್ನ ಗಂಡನ ಕಾಯಿಯನ್ನು ಅಡಿಗೆಮನೆಯ ಕಿಟಕಿಯ ಮೇಲೆ ಕೂರಿಸಿದ್ದಳು. ಅಲ್ಲಿಂದ ಕಡಲು ಕಾಣುತ್ತದೆ. ಅದಕ್ಕೆ ಅಕ್ಕಿ ಇಲ್ಲ, ದೀಪ ಇಲ್ಲ. ಅವಳು ಮೀನು ಕೊಯ್ಯುತ್ತ ಅದರೊಡನೆ ಮಾತಾಡುತ್ತಿದ್ದಳು, ಜಗಳವನ್ನೂ ಆಡುತ್ತಿದ್ದಳು. ಮಹಾಲಯದ ಪಾಯಸಕ್ಕೆ ಆ ಕಾಯಿ ಸೇರುವುದಿಲ್ಲ. ನೂಲ ಹುಣ್ಣಿಮೆಯ ದಿನ ಊರವರೆಲ್ಲ ಕಡಲಿಗೆ ಕಾಯಿ ಕೊಡುವಾಗ ಇವಳೂ ಹೋಗಿ ಹಳೆಯ ಕಾಯಿಯನ್ನು ನೀರಿಗೆ ಬಿಟ್ಟು, ಹೊಸದನ್ನು ತಂದು ಕಿಟಕಿಗೆ ಇಡುತ್ತಿದ್ದಳು. ಊರವರು ಕೊಡುತ್ತಿದ್ದುದು ಕಡಲಿಗೆ ಕಾಣಿಕೆ. ಇವಳು ವರ್ಷ ವರ್ಷ ಗಂಡನನ್ನೇ ಕಳಿಸಿ ಬರುತ್ತಿದ್ದಳು.

"ಇವರನ್ನ ಕಂಚಲ್ಲಿ ಮಾಡಿಕೊಡು" ಎಂದಳು ಮಾವಶಿ. "ಕಾಯಿ ತಂದು ಮಣೆ ಮೇಲಿಟ್ರೆ ಭಾವ ತೆಗೆದು ಕಿಟಕಿಗೆ ಇಡ್ತ. ಕಂಚಿಂದಾದ್ರೆ ಇಳ್ಸೂಕೆ ಕೈ ಬರೂದಿಲ್ಲ ಅವಂಗೆ. ಕಂಚಿನ ದೇವ್ರನ್ನ ಯಾರು ಮಣೆಯಿಂದ ಇಳ್ಸ್ತ್ರು? ನನ್ನ ಗಂಡಂಗೆ ಮಣೆ ಬೇಕು ತಮಾ. ನಾ ಇರೂದ್ರೊಳಗೆ ಬೇಕು."

ನಾನು ಒಪ್ಪಿದೆ. ಕಾಯಿಗೆ ರಬ್ಬರು ಹಚ್ಚಿ ಅಚ್ಚು ತೆಗೆದು, ಆ ಅಚ್ಚಿನಲ್ಲಿ ಮೇಣದ ಕಾಯಿ ಮಾಡಿ, ಮೇಣದ ಮೇಲೆ ಇನ್ನೊಂದು ಅಚ್ಚು ಕಟ್ಟಿ, ಮೇಣ ಕರಗಿಸಿ ಕಂಚು ಹೊಯ್ಯುತ್ತೇನೆ, ಕಾಯಿಗೆ ಏನೂ ಆಗದೆ ಮರಳಿ ನಿನ್ನ ಕಿಟಕಿಗೆ ಬರುತ್ತದೆ ಎಂದು ವಿವರಿಸಿದೆ. ಅವಳು ಹೂಂ ಎನ್ನುತ್ತಿದ್ದಳು, ಕಣ್ಣು ಮಾತ್ರ ಬೇರೆಲ್ಲೋ ಇತ್ತು. ಗೋಡೆಯ ಹಲಗೆಯ ಮೇಲೆ ನಾನು ಎರಕ ಹೊಯ್ದಿದ್ದ ಒಂದು ಹಲಸಿನ ಎಲೆ ಇತ್ತು. ಎದ್ದು ಹೋಗಿ ಅದನ್ನು ಕೈಯಲ್ಲಿ ಹಿಡಿದಳು. ಎಲೆಯ ನರಗಳು, ಹುಳ ತಿಂದ ಸಣ್ಣ ತೂತು, ತೊಟ್ಟಿನ ಬಾಗು ಎಲ್ಲ ಕಂಚಿನಲ್ಲಿತ್ತು.

"ಇದಕ್ಕೂ ರಬ್ಬರಾ?"

"ಇಲ್ಲ ಮಾವಶಿ. ಎಲೆಯನ್ನೇ ಅಚ್ಚಿನೊಳಗೆ ಇಟ್ಟು ಸುಟ್ಟದ್ದು. ಎಲೆ ಸುಟ್ಟುಹೋದ ಜಾಗಕ್ಕೆ ಕಂಚು ಹೋಯ್ತು."

"ಎಲೆ?"

"ಎಲೆ ಹೋಯ್ತು."

ಅವಳು ಎಲೆಯನ್ನು ಮಗುಚಿ ನೋಡಿದಳು. ಹೊರಗೆ ಗೇರು ಮರಗಳಲ್ಲಿ ಗಾಳಿ ಆಡುತ್ತಿತ್ತು. ನನ್ನ ಹೆಂಡತಿ ಖಾಲಿ ಲೋಟ ಎತ್ತಲು ಬಂದವಳು ಎತ್ತದೆ ನಿಂತಳು.

"ಇವರನ್ನೂ ಹಂಗೇ ಮಾಡು" ಎಂದಳು ಮಾವಶಿ. "ಬೆಂಕಿ ಕಾಣ್ತಾರೆ ಇವರು."

ಎಲೆ ತೆಳ್ಳಗಿನದು, ಬೂದಿ ಕಡಿಮೆ, ಕಾಯಿ ಹಾಗಲ್ಲ. ನಾರು, ಚಿಪ್ಪು, ಒಳಗೆ ಎಣ್ಣೆ ತುಂಬಿದ ಕೊಬ್ಬರಿ. ಬೂದಿ ಪೂರ್ತಿ ಹೋಗದೆ ಉಳಿದರೆ ಕಂಚು ಹರಿಯುವುದಿಲ್ಲ, ಅಚ್ಚು ಬಿರಿದರೆ ಕಂಚೂ ಇಲ್ಲ, ಕಾಯಿಯೂ ಇಲ್ಲ. ಒಮ್ಮೆ ಸುಡುವ ಗೂಡಿಗೆ ಇಟ್ಟ ಮೇಲೆ ಹಿಂದೆ ತೆಗೆಯಲು ಬರುವುದಿಲ್ಲ, ಖಾತ್ರಿ ಕೊಡಲಾರೆ ಎಂದೆ.

"ಅವರು ಯಾವತ್ತು ಖಾತ್ರಿ ಕೊಟ್ಟು ಹೋದವರು?" ಎಂದು ಬುಟ್ಟಿ ಎತ್ತಿಕೊಂಡಳು.

ಅಚ್ಚುಗಳು ಒಣಗಲು ಒಳ್ಳೆಯ ಬಿಸಿಲು ಬೇಕು. ಸಂಕ್ರಾಂತಿ ಕಳೆದ ಮೇಲೆ ಕೆಲಸ ಹಿಡಿದೆವು. ಕಾಯಿ ಅಷ್ಟು ದಿನವೂ ಶೆಡ್ಡಿನಲ್ಲಿ ನನ್ನ ಉಳಿ, ಅರಗಳ ನಡುವೆ ಕೂತಿತ್ತು. ನಾನು ಕೆಲಸ ಮಾಡುವಾಗ ಸುಮ್ಮಸುಮ್ಮನೆ ಅದರ ಕಡೆ ನೋಡುತ್ತಿದ್ದೆ. ಚಿಕ್ಕವನಿದ್ದಾಗ ಕಾಕ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೆರೆಯೊಳಗೆ ಹೋಗುತ್ತಿದ್ದ. ಅವನ ತಲೆಗೂದಲು ಉಪ್ಪಿನಿಂದ ಗಟ್ಟಿಯಾಗಿ ಹೀಗೇ ನಾರಿನ ಹಾಗೆ ಕೈಗೆ ಸಿಗುತ್ತಿತ್ತು. ಒಂದೊಂದು ಮಧ್ಯಾಹ್ನ ಊಟ ಮಾಡಿ ಅಲ್ಲೇ ಬೆನ್ನು ಚಾಚಿದರೆ ಶೆಡ್ಡಿನ ನೆಲ ಮೆಲ್ಲಗೆ ತೂಗಿದ ಹಾಗೆ ಅನಿಸುತ್ತಿತ್ತು. ಕಣ್ಣು ಬಿಟ್ಟರೆ ತಗಡಿನ ಸಂದಿನಿಂದ ಬಿದ್ದ ಬಿಸಿಲಿನ ಚೂರುಗಳು ಗೋಡೆಯ ಮೇಲೆ ನೀರಿನ ಹಾಗೆ ಅಲುಗುತ್ತಿದ್ದವು.

ಕಂಚಿನ ಕಾಯಿಯ ಒಳಗೆ ಪೊಳ್ಳು ಉಳಿಯಬೇಕಾದರೆ ಕಾಯಿಯ ಕಣ್ಣು ಕೊರೆದು, ನೀರು ಬಸಿದು, ಪ್ಲಾಸ್ಟರು ಮತ್ತು ಇಟ್ಟಿಗೆ ಪುಡಿ ಕಲಸಿದ ಗಂಜಿಯನ್ನು ಒಳಗೆ ತುಂಬಬೇಕು. ಆ ದಿನ ಮಾವಶಿ ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ನಾನು ಜುಟ್ಟು ಸರಿಸಿ, ಮೆತ್ತಗಿನ ಕಣ್ಣು ಹುಡುಕಿ ಕೊರೆದೆ. ಒಳಗಿನ್ನೂ ಎರಡು ಗುಟುಕಿನಷ್ಟು ನೀರಿತ್ತು. ಮಾವಶಿ ಅದನ್ನು ಸ್ಟೀಲಿನ ಲೋಟಕ್ಕೆ ಬಸಿದುಕೊಂಡಳು. ಸಂಜೆ ಹೋಗುವಾಗ ಕಡಲಿಗೆ ಹಾಕುತ್ತೇನೆ ಎಂದು ಬಾಗಿಲ ಬಳಿಯ ಸ್ಟೂಲಿನ ಮೇಲಿಟ್ಟು, ಪ್ಲಾಸ್ಟರು ಕಲಸಲು ನೀರು ಸೇದುತ್ತಿದ್ದ ನನ್ನ ಹೆಂಡತಿಗೆ ಕೈಜೋಡಿಸಲು ಬಾವಿಯ ಕಡೆ ಹೋದಳು. ನಾನು ಜರಡಿ ಹಿಡಿಯುತ್ತ ಒಳಗಿದ್ದೆ.

ಅಷ್ಟರಲ್ಲಿ ಸಣ್ಣಕಾಕ ಬಂದ. ಅಡಿಗೆಮನೆಗೆ ಹೋಗುವ ರೂಢಿ ಇಲ್ಲದ ಅವನಿಗೆ ಕಿಟಕಿ ಖಾಲಿ ಇರುವುದು ಅಂದಷ್ಟೇ ಕಣ್ಣಿಗೆ ಬಿದ್ದಿತ್ತಂತೆ. ಮನೆಯಲ್ಲಿ ವಿಚಾರಿಸಿ, ಬಿಸಿಲಲ್ಲಿ ನಡೆದು, ಮುಖ ಕೆಂಪು ಮಾಡಿಕೊಂಡು ಬಂದು ಬಾಗಿಲಲ್ಲಿ ನಿಂತ. ಬೈಯಲು ಬಾಯಿ ತೆರೆದವನಿಗೆ ಗಂಟಲು ಒಣಗಿತ್ತು. ಸ್ಟೂಲಿನ ಮೇಲಿದ್ದ ಲೋಟ ಎತ್ತಿ ಗಟಗಟ ಕುಡಿದುಬಿಟ್ಟ.

"ಥೂ, ಇದೆಂತಾ ನೀರಾ? ಮುಗ್ಗಲು ನಾರ್ತದೆ. ಬಾವಿ ತೊಳ್ಸ್ಲಿಲ್ವಾ ಈ ವರ್ಷ?"

ಕೊಡ ಹಿಡಿದು ಬರುತ್ತಿದ್ದ ಮಾವಶಿ ಅಲ್ಲೇ ನಿಂತಳು. ಲೋಟ ನೋಡಿದಳು, ಅವನ ಬಾಯಿ ನೋಡಿದಳು.

"ಭಾವಾ, ಕುಡ್ದೆಯಾ?"

"ಕುಡೀದೇ ಎಂತ ಮಾಡೂದು? ಬಿಸ್ಲು ಕಾಣೂದಿಲ್ವಾ? ಅದು ಇರ್ಲಿ ವೈನಿ, ಕಿಟಕಿ ಮೇಲಿನ ಕಾಯಿ ಎಲ್ಲಿ?"

"ಹೊಟ್ಟೇಲಿ."

"ಯಾರ ಹೊಟ್ಟೇಲಿ?"

"ನಿನ್ನ ಹೊಟ್ಟೇಲಿ!"

ಅವನು ನನ್ನ ಕಡೆ ತಿರುಗಿದ. ನಾನು ಕಣ್ಣು ಕೊರೆದ ಕಾಯಿಯನ್ನು ಎತ್ತಿ ತೋರಿಸಿದೆ. ಸಣ್ಣಕಾಕನ ಮುಖದಲ್ಲಿ ಕೋಪ ಇದ್ದ ಜಾಗದಿಂದ ಏನೋ ಒಂದು ಮೆಲ್ಲಗೆ ಕುಸಿಯಿತು. ಲೋಟ ಕೈಯಲ್ಲೇ ಇತ್ತು. ಅದನ್ನು ಇಡುವುದೋ ಹಿಡಿಯುವುದೋ ತಿಳಿಯದೆ ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನ ಮನೆಯಲ್ಲಿ ಯಾರ ಕಾಯಿ ಮನೆಯವರ ಹೊಟ್ಟೆಗೆ ಹೋಗುತ್ತದೋ ಅವರೇ ಹಿರಿಯರು. ಆ ನಿಯಮ ಅವನಿಗಿಂತ ಚೆನ್ನಾಗಿ ಬಲ್ಲವರು ಬೇರೆ ಯಾರೂ ಇರಲಿಲ್ಲ.

ಮೊದಲು ನಕ್ಕವಳು ಮಾವಶಿ. ನಗು ಅವಳಿಗೆ ಹೊಟ್ಟೆಯಿಂದ ಬಂತು, ಕೊಡದ ನೀರೆಲ್ಲ ತುಳುಕಿತು. "ಇಷ್ಟು ವರ್ಷ ಅಣ್ಣನ್ನ ಹೊರಗಿಟ್ಟೆ. ಈಗ ನೋಡು, ಕೇಳ್ದೇ ಮಾಡ್ದೇ ಒಳಗೇ ಬಂದ್ರು!"

"ಗೊತ್ತಿಲ್ದೇ ಕುಡ್ದದ್ದು ಲೆಕ್ಕ ಅಲ್ಲ ವೈನಿ."

"ಹೌದಾ? ಹಾಂಗಾದ್ರೆ ಕಾರಿ ಹೊರಗೆ ಹಾಕು ಕಾಣ್ವಾ."

ಸಣ್ಣಕಾಕ ಅಲ್ಲೇ ಹೊಸ್ತಿಲ ಮೇಲೆ ಕೂತ. ನನ್ನ ಹೆಂಡತಿ ಬಾವಿಯ ನೀರು ತಂದು ಕೊಟ್ಟರೆ ಬೇಡ ಎಂದ. ಬಾಯಿಯ ರುಚಿ ಹೋಗುವುದು ಬೇಡ ಎಂದನೋ ಏನೋ, ಸರಿಯಾಗಿ ಕೇಳಿಸಲಿಲ್ಲ. ಆಮೇಲೆ, ನೀನು ಮಾಡುವುದನ್ನೆಲ್ಲ ಮೊದಲಿನಿಂದ ಹೇಳು ಎಂದ. ನಾನು ಹೇಳಿದೆ. ಅಚ್ಚು, ಗೂಡು, ಸುಡುವುದು, ಸುಟ್ಟ ಜಾಗಕ್ಕೆ ಕಂಚು ಹೋಗುವುದು. ಅವನು ಕೇಳಿದ್ದು ಒಂದೇ ಪ್ರಶ್ನೆ.

"ಬೂದಿ ಆಗ್ತನಾ ಅಂವ?"

"ಆಗ್ತಾನೆ."

"ಪೂರ್ತಿ?"

"ಪೂರ್ತಿ ಆಗದಿದ್ದರೆ ಎರಕ ಕೂರುವುದಿಲ್ಲ ಕಾಕಾ."

ಅವನು ತಲೆಯಾಡಿಸಿದ. ಪ್ರದರ್ಶನಗಳಲ್ಲಿ ತಲೆಯಾಡಿಸಿದವರನ್ನು ನಾನು ಬಹಳ ಕಂಡಿದ್ದೇನೆ. ಯಾರ ತಲೆಯೂ ಅಷ್ಟು ಭಾರವಾಗಿ ಆಡಿರಲಿಲ್ಲ.

ಒಳಗೆ ತುಂಬಿದ ಪ್ಲಾಸ್ಟರಿನ ಗಡ್ಡೆ ಕಾಯಿ ಸುಟ್ಟ ಮೇಲೆ ಅಲುಗಾಡಬಾರದೆಂದು ಅಲ್ಲಲ್ಲಿ ಹೊರಗಿನಿಂದ ಮೊಳೆ ಹೊಡೆಯಬೇಕಾಗುತ್ತದೆ. ಅದನ್ನು ಮಾವಶಿಗೆ ಮೊದಲೇ ಹೇಳಿರಲಿಲ್ಲ. ಸುತ್ತಿಗೆ ಎತ್ತಿದಾಗ ಅವಳು ಗೋಡೆಯ ಕಡೆ ತಿರುಗಿ, "ಮೆಲ್ಲಗೆ ಹೊಡಿ ತಮಾ" ಎಂದಳು. ಮೆಲ್ಲಗೆ ಹೊಡೆದೆ. ಕಾಯಿಯ ಮೈಗೆ ಮೇಣದ ಕೊಳವೆಗಳನ್ನು ಅಂಟಿಸಿದೆ, ಕಂಚು ಒಳಗೆ ಹರಿಯಲು ಕೆಲವು, ಗಾಳಿ ಹೊರಗೆ ಹೋಗಲು ಕೆಲವು. ಎಲ್ಲ ಸೇರಿ ಕಾಯಿಗೆ ಕೈಕಾಲು ಬಂದ ಹಾಗೆ ಕಾಣುತ್ತಿತ್ತು. ಅದರ ಸುತ್ತ ಅಚ್ಚು ಕಟ್ಟಿ, ದಿನವೂ ಬಿಸಿಲಿಗೆ ಇಟ್ಟು ಸಂಜೆಗೆ ಒಳಗೆ ತಂದೆವು. ಸಣ್ಣಕಾಕ ನಡುನಡುವೆ ಬಂದು ಅಚ್ಚಿನ ಮೈ ಮುಟ್ಟಿ, ಇನ್ನೂ ತಂಪಿದೆ ಎಂದು ವರದಿ ಕೊಟ್ಟು ಹೋಗುತ್ತಿದ್ದ.

ಗೂಡು ಹಚ್ಚುವ ದಿನ ಅವನು ಬೆಳಕು ಹರಿಯುವ ಮೊದಲೇ ಬಂದು ಕೂತಿದ್ದ, ಹೆಗಲ ಮೇಲೆ ಬಿಳಿ ಪಂಚೆ. ನಾನು ಗ್ಯಾಸಿನ ಬರ್ನರಿಗೆ ಬೆಂಕಿಕಡ್ಡಿ ಗೀರಲು ಹೋದಾಗ ಕೈ ಚಾಚಿದ. ಕಡ್ಡಿ ಪೆಟ್ಟಿಗೆ ಕೊಟ್ಟೆ. ಮಂತ್ರ ಗಿಂತ್ರ ಏನೂ ಹೇಳಲಿಲ್ಲ. "ಹೊರಡು ಅಣ್ಣಾ, ಟೈಮಾಯ್ತು" ಎಂದು ಹಚ್ಚಿದ. ಬಸ್ಸಿನ ಡ್ರೈವರನ ಬಾಯಿಯಲ್ಲಿ ಅದಕ್ಕಿಂತ ದೊಡ್ಡ ಮಂತ್ರ ಇರಲಾರದು.

ಅಂದು ಹಗಲೆಲ್ಲ ಶೆಡ್ಡಿನ ಮೇಲೆ ಹೊಗೆ ನಿಂತಿತ್ತು. ಮೊದಮೊದಲು ಮೇಣದ ವಾಸನೆ, ಆಮೇಲೆ ನಾರಿನದು, ಮಧ್ಯಾಹ್ನದ ಹೊತ್ತಿಗೆ ಕೊಬ್ಬರಿ ಹುರಿದ ಘಮ. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ಗೇರು ಮರದ ಆಚೆಯಿಂದಲೇ, ಎಣ್ಣೆ ತೆಗೀತಿದ್ರ್ಯಾ, ಮಾರೂದುಂಟಾ ಎಂದು ಕೂಗಿ ಕೇಳಿದಳು. ಮಾವಶಿ ಗೂಡಿಗೆ ಎದುರಾಗಿ ಚಾಪೆ ಹಾಸಿ ಕೂತಿದ್ದಳು. ಅಳಲಿಲ್ಲ. ಮದುವೆಯಾದ ಹೊಸತರಲ್ಲಿ ಅವನು ತಲೆಗೆ ಎಣ್ಣೆ ಹಚ್ಚಿಸಿಕೊಳ್ಳಲು ಒಪ್ಪುತ್ತಿರಲಿಲ್ಲ, ಕೈಯಿಂದ ಜಾರುತ್ತದೆ ಬಲೆ ಎನ್ನುತ್ತಿದ್ದ, ಎಂದು ನನ್ನ ಹೆಂಡತಿಗೆ ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ದನಿ ನಿಧಾನವಾಗಿ, ಚಾಪೆಯ ಮೇಲೆ ವಾಲಿ, ಬಿಸಿಗೆ ಮುಖ ಮಾಡಿಕೊಂಡೇ ನಿದ್ದೆ ಹೋದಳು. ಅವಳು ಮಲಗಿದ್ದನ್ನು ನಾನು ಆವರೆಗೆ ನೋಡಿದ್ದೇ ಇಲ್ಲ ಅನಿಸಿತು. ಅಲೆಯ ಮೇಲೆ ದೋಣಿ ಏಳುವ, ಇಳಿಯುವ ಹಾಗೆ ಅವಳ ಉಸಿರು ಏಳುತ್ತಿತ್ತು, ಇಳಿಯುತ್ತಿತ್ತು. ಸಂಜೆಗೆ ಗೂಡಿನ ಸಂದಿನಲ್ಲಿ ಕೆಂಪು ಕಂಡಿತು. ಹೊಗೆ ನಿಂತಿತು. ಒಳಗೆ ಈಗ ಕಾಯಿ ಇರಲಿಲ್ಲ. ಕಾಯಿಯ ಆಕಾರದ ಒಂದು ಖಾಲಿ ಜಾಗ ಮಾತ್ರ ಇತ್ತು.

ನನಗೆ ಆ ಖಾಲಿಯ ಬಗ್ಗೆ ಮೊದಲ ಬಾರಿ ಭಯವಾಯಿತು. ಎಷ್ಟೋ ದೇವರನ್ನು, ಹೆಂಗಸರನ್ನು, ಶಂಖಗಳನ್ನು ಹೀಗೆ ಇಲ್ಲವಾಗಿಸಿ ಮತ್ತೆ ಕರೆದಿದ್ದೇನೆ. ಮೇಣ ಹೋದರೆ ಮತ್ತೆ ಮೇಣ ಇತ್ತು. ಇದು ಕೂರದಿದ್ದರೆ ಮಾವಶಿಯ ಕಿಟಕಿಯೂ ಖಾಲಿ, ಮಣೆಯೂ ಖಾಲಿ.

ಮರುದಿನ ನಸುಕಿನಲ್ಲಿ ಕಂಚು ಕರಗಿತು. ಮೂಸೆಯನ್ನು ಇಕ್ಕಳದಿಂದ ಎತ್ತುವಾಗ ಹಿಡಿತ ಸರಿಯಿದೆಯೇ ಎಂದು ಎರಡೆರಡು ಸಲ ನೋಡಿಕೊಂಡೆ. "ನನ್ನ ಕಡೆ ಗಟ್ಟಿ ಇದೆ, ನೀವು ಸಾವಕಾಶ" ಎಂದಳು ಹೆಂಡತಿ. ಹೊಯ್ದೆವು. ಕಂಚು ಒಳಗಿಳಿಯುವಾಗ ಸದ್ದು ಮಾಡುವುದಿಲ್ಲ. ಮಗು ಹಾಲು ಕುಡಿಯುವಾಗಿನ ಗುಟುಕಿನಂಥ ಸದ್ದು ಬಂದರೆ ಬಂತು. ಗಾಳಿಯ ಕೊಳವೆಗಳ ಬಾಯಿಯಲ್ಲಿ ಒಂದೊಂದಾಗಿ ಕೆಂಪು ಕಣ್ಣು ತೆರೆಯಿತು. ಒಂದು ಮಾತ್ರ ತೆರೆಯಲಿಲ್ಲ. ನಾನು ಅದನ್ನು ನೋಡಿದೆ, ಸಣ್ಣಕಾಕ ನನ್ನ ಮುಖ ನೋಡಿದ.

ತಣಿದ ಮೇಲೆ ಅಚ್ಚು ಒಡೆಯಲು ಕೂತೆ. ಮೊದಲು ಕಂಡದ್ದು ಜುಟ್ಟು. ಒಂದೊಂದು ನಾರೂ ಕಂಚಾಗಿತ್ತು, ಊದಿದರೆ ಅಲುಗುತ್ತದೇನೋ ಎನ್ನುವಷ್ಟು ಸಣ್ಣಗೆ. ಆಮೇಲೆ ಚಿಪ್ಪಿನ ಏಣುಗಳು, ಹಣೆಯ ಉಬ್ಬು. ಕೊನೆಗೆ ಬಲಗಡೆಯಲ್ಲಿ ಹೆಬ್ಬೆರಳಿನ ಅಗಲದ ಒಂದು ತೂತು. ಅಲ್ಲಿ ಬೂದಿ ಸಿಕ್ಕಿಕೊಂಡು ಕಂಚು ಹೋಗಿರಲಿಲ್ಲ. ತೂತಿನ ಅಂಚು ತೆರೆ ಕಚ್ಚಿದ ದಂಡೆಯ ಹಾಗೆ ತೆಳ್ಳಗಾಗಿತ್ತು.

"ವೆಲ್ಡ್ ಮಾಡಿ ಮುಚ್ಚಿಬಿಡ್ತೇನೆ ಮಾವಶಿ, ಗೊತ್ತಾಗೂದಿಲ್ಲ" ಎಂದೆ.

ಅವಳು ಕಾಯಿಯನ್ನು ಮಡಿಲಲ್ಲಿ ಇಟ್ಟುಕೊಂಡು ತೂತಿನೊಳಗೆ ಬೆರಳು ಹಾಕಿದಳು. ಬೆರಳ ತುದಿಗೆ ಬೂದಿ ಹತ್ತಿತು. ಅದನ್ನು ನೋಡುತ್ತ ಕೂತಳು.

"ಇರ್ಲಿ. ಎಲ್ಲಾ ಸಿಕ್ಕಿಬಿಟ್ಟಿದ್ರೆ ನಾ ನಂಬ್ತಿರ್ಲಿಲ್ಲ. ಇಷ್ಟು ಸಿಕ್ಕಿದ್ರಲ್ಲ."

ಸಣ್ಣಕಾಕ ಅಚ್ಚಿನ ಚೂರುಗಳ ನಡುವೆ ಉಳಿದಿದ್ದ ಬೂದಿಯನ್ನು ಬಾಳೆ ಎಲೆಗೆ ಬಳಿದುಕೊಂಡು, ಪಂಚೆಯ ಸೆರಗಿನಲ್ಲಿ ಕಟ್ಟಿ, ಒಬ್ಬನೇ ಕಡಲ ಕಡೆ ನಡೆದ. ಮರಳಿ ಬಂದಾಗ ತಲೆ ಒದ್ದೆಯಾಗಿತ್ತು. ಅವನು ಬಂದು ಮಾವಶಿಯ ಹಣೆಯ ಕುಂಕುಮದ ಕಡೆ ಒಮ್ಮೆ ನೋಡಿದ. ಊರಿನ ಕ್ರಮ ಏನೆಂದು ಎಲ್ಲರಿಗೂ ಗೊತ್ತು. ಅವಳಿಗೂ ಗೊತ್ತು.

"ಎಂತಾ ಭಾವಾ? ಬೆಂಕಿ ಆದದ್ದು ಅವರಿಗೆ. ನನ್ನ ಹಣೆಗಲ್ಲ."

"ನಾ ಎಲ್ಲಿ ಎಂತ ಹೇಳ್ದೆ ವೈನಿ?" ಎಂದು ಅವನು ತಲೆ ಒರೆಸಿಕೊಂಡ.

ಕಂಚಿಗೆ ನಾನು ಯಾವ ಬಣ್ಣವನ್ನೂ ಹತ್ತಿಸಲಿಲ್ಲ. ಮಹಾಲಯಕ್ಕೆ ಕಾಯುವುದು ಬೇಡ ಎಂದು ಸಣ್ಣಕಾಕನೇ ಹೇಳಿ, ಯುಗಾದಿಯ ಬೆಳಿಗ್ಗೆ ನನ್ನನ್ನೂ ಹೆಂಡತಿಯನ್ನೂ ಬೇಲೆಕೇರಿಗೆ ಕರೆದ. ದೇವರ ಕೋಣೆಯಲ್ಲಿ ಗಾಳಿ ಕಡಿಮೆ, ಎಣ್ಣೆದೀಪ ಒಂದೇ ಇತ್ತು. ಮಣೆಯ ಮೇಲೆ ಹೊಸ ಅಕ್ಕಿ ಹರವಿದ್ದ. ಹಿರಿಯರ ಕಾಯಿಗಳು ಒಂದು ಕಡೆ ಒತ್ತಾಗಿ ಕೂತಿದ್ದವು, ಅಣ್ಣತಮ್ಮಂದಿರ ಅಪ್ಪ, ಅವರನ್ನು ಹೆತ್ತ ಅಬ್ಬೆ, ಅಪ್ಪನ ಅಪ್ಪ. ಇನ್ನೊಂದು ತುದಿಯಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದ. ಸಣ್ಣಕಾಕ ಕಂಚಿನ ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿದ. "ಅಬ್ಬಬ್ಬಾ, ಅಣ್ಣ ಇಷ್ಟು ಭಾರ ಯಾವಾಗಾದ?" ಎಂದ. ತೂತು ಗೋಡೆಯ ಕಡೆಗಿರಲೋ, ನಮ್ಮ ಕಡೆಗಿರಲೋ ಎಂದು ಕೇಳಿದ. ನಮ್ಮ ಕಡೆಗೇ ಇರಲಿ ಎಂದಳು ಮಾವಶಿ. ಕೂರಿಸಿ ಕೈ ಬಿಟ್ಟ.

ಹಳೆಯ ಮಣೆ, ಅಡಿಯ ಗಿಡ್ಡ ಕಾಲುಗಳು ನಡುವಿಗೆ ಹತ್ತಿರ. ಅಷ್ಟು ಭಾರ ಅದಕ್ಕೆ ಅಭ್ಯಾಸವಿಲ್ಲ. ಕಂಚು ಕೂತ ತುದಿ ಮೆಲ್ಲಗೆ ಇಳಿಯಿತು, ಆಚೆಯ ತುದಿ ಎದ್ದಿತು. ಅಕ್ಕಿ ಸರಸರ ಜಾರಿತು. ಜಾರಿದ ಅಕ್ಕಿಯ ಮೇಲೆ ಕಾಯಿಗಳು ಉರುಳಿದವು. ಮೊದಲು ಅಬ್ಬೆ, ಅವಳ ಹಿಂದೆ ಅಪ್ಪ, ಕೊನೆಗೆ ಅಪ್ಪನ ಅಪ್ಪ. ಠಣ್ ಎಂದು ಒಂದೊಂದಾಗಿ ಕಂಚಿಗೆ ತಾಗಿ, ಅದಕ್ಕೆ ಒರಗಿ ನಿಂತವು.

ಆಮೇಲೆ ಸಣ್ಣಕಾಕ ಎದ್ದು ಹೊರಗೆ ಹೋಗಿ, ಮಣೆಯ ಕೆಳಗೆ ಕೊಡಲು ಒಂದು ಮರದ ಚೂರು ಹುಡುಕಿ ತಂದು ಬಗ್ಗಿದ.

"ಬಿಡು ಭಾವಾ" ಎಂದಳು ಮಾವಶಿ. "ಬಾಳ ದಿವ್ಸದ ಮೇಲೆ ಸಿಕ್ಕಿದ್ರು. ಮಾತಾಡ್ಲಿ."

ಅವನು ಮರದ ಚೂರನ್ನು ಪಕ್ಕಕ್ಕೆ ಇಟ್ಟು, ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಅಂಗೈಯಿಂದ ಬಳಿದು, ಅವರೆಲ್ಲರ ನಡುವೆ ಸುರಿಯತೊಡಗಿದ.